ಬೀಗರು ಕೂತ ಕಡೆ ವಾಲುವ ದೋಣಿ

ನನ್ನ ತಮ್ಮನಿಗೆ ಈಜು ಬರುವುದಿಲ್ಲ. ನೀರು ಮೊಣಕಾಲು ದಾಟಿದರೆ ಪಂಚೆ ಎತ್ತಿಕೊಂಡು ದಡಕ್ಕೆ ಓಡುವ ಗಂಡಸು. ಅಂಥವನು ಕರಾವಳಿಯಲ್ಲಿ ಯಾರೋ ಓಡಿಸಿ ಸಾಕಾಗಿ ಬಿಟ್ಟ ಎಂಟು ಸೀಟಿನ ಮೋಟಾರು ಬೋಟನ್ನು ಕೊಂಡು, ಲಾರಿಗೆ ಹೇರಿಸಿ, ಲಕ್ಕವಳ್ಳಿಯ ಹಿನ್ನೀರಿಗೆ ತಂದು ನಿಲ್ಲಿಸಿದ. ಪರವಾನಗಿಯ ಕಾಗದಗಳನ್ನು ಮಾತ್ರ ಸರಿಯಾಗಿ ಮಾಡಿಸಿಕೊಂಡಿದ್ದ. ಅವನ ಬುದ್ಧಿ ಅಲ್ಲಿಗೇ ಮುಗಿಯಿತು.

"ಯಾಕೋ ಇದು?" ಎಂದು ಕೇಳಿದೆ.

"ಬೀಗ್ರು ಬತ್ತಾರಲ್ಲಕ್ಕಾ, ತೋರಿಸ್ಬೇಕು. ನಾವೇನ್ ಕಮ್ಮಿನಾ?"

ಅವನ ಮಗಳು ಕಡೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಚೌಳಹಿರಿಯೂರಿನ ಹುಡುಗನನ್ನು ಅವಳೇ ಮೆಚ್ಚಿಕೊಂಡಿದ್ದಳು. ಹುಡುಗನ ಅಪ್ಪನಿಗೆ ಈ ಸಂಬಂಧ ಬೇಕಿರಲಿಲ್ಲ. ಬೇಡ ಎಂದು ನೇರವಾಗಿ ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೇ ನೆಪ ಹುಡುಕುತ್ತಿದ್ದ. ಹಿಂದಿನ ಸಲ ಬಂದಾಗ ಯಾರೋ ಎಡಗೈಯಲ್ಲಿ ಕಾಫಿ ಕೊಟ್ಟರೆಂದು ಎರಡು ತಿಂಗಳು ಫೋನ್ ಎತ್ತಿರಲಿಲ್ಲ. ಇಂಥ ಮನುಷ್ಯನನ್ನು ನೀರಿನ ಮೇಲೆ ಕರೆದುಕೊಂಡು ಹೋಗಬೇಕಂತೆ.

ಬೋಟಿಗೊಂದು ಚಾಳಿ ಇತ್ತು. ಭಾರ ಎಲ್ಲಿದೆಯೋ ಆ ಕಡೆ ವಾಲಿಕೊಂಡೇ ಓಡುತ್ತಿತ್ತು. ನನ್ನ ತಮ್ಮ ಅಜ್ಜಂಪುರದಲ್ಲಿ ಇಪ್ಪತ್ತು ವರ್ಷ ಈರುಳ್ಳಿ ಲಾರಿ ನಡೆಸಿದವನು. ಅವನಿಗೆ ಗೊತ್ತಿದ್ದ ಮದ್ದು ಒಂದೇ: ಎದ್ದ ಕಡೆಗೆ ಮೂಟೆ ಹಾಕು. ನಾಲ್ಕು ಮೂಟೆ ಈರುಳ್ಳಿ ತಂದು ಎಡಗಡೆ ಸೀಟಿನ ಕೆಳಗೆ ತುರುಕಿದ. ಕಾಲಿಡಲು ಜಾಗವಿಲ್ಲ. ಬಿಸಿಲಿಗೆ ಬೋಟೆಲ್ಲ ಈರುಳ್ಳಿ ಮಂಡಿಯ ವಾಸನೆ. ಇದನ್ನು ನೋಡಿ, ಬೋಟಿನ ಜೊತೆ ಬಂದಿದ್ದ ಕರಾವಳಿಯ ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದಕ್ಕೇ ಟ್ಯಾಬ್ ಉಂಟಲ್ಲ ಮಾರಾಯ್ರೆ!"

ಟ್ಯಾಬ್ ಎಂದರೆ ಬೋಟಿನ ಹಿಂಭಾಗದಲ್ಲಿ, ನೀರಿನ ಮಟ್ಟದಲ್ಲಿ, ಎಡಕ್ಕೊಂದು ಬಲಕ್ಕೊಂದು ಸ್ಟೀಲಿನ ಪಟ್ಟಿ. ಬಾಗಿಲಿನ ಹಾಗೆ ಮಡಚುತ್ತವೆ. ಓಡುವಾಗ ಬಲಗಡೆಯ ಪಟ್ಟಿಯನ್ನು ಕೆಳಗಿಳಿಸಿದರೆ ನೀರು ಅದನ್ನು ಒತ್ತಿ ಬೋಟಿನ ಬಲಭಾಗವನ್ನು ಎತ್ತುತ್ತದೆ. ಇಷ್ಟೇ. ತಮ್ಮ ಅದನ್ನು ಬ್ರೇಕು ಎಂದುಕೊಂಡಿದ್ದ. ಮೂರು ವಾರ ಸ್ಟೇರಿಂಗ್ ಪಕ್ಕದ ಅದರ ಗುಂಡಿಗಳ ಮೇಲೆ "ಯಾರೂ ಮುಟ್ಟಬಾರದು" ಎಂದು ಚೀಟಿ ಅಂಟಿಸಿದ್ದ.

ಹೆಣ್ಣಿನ ಅಪ್ಪ ಬೀಗರ ಪಕ್ಕದಲ್ಲಿ ಕೂತು ಉಪಚಾರ ಮಾಡಬೇಕು, ಅವರಿಗೆ ಬೆನ್ನು ಕೊಟ್ಟು ಸ್ಟೇರಿಂಗ್ ಹಿಡಿಯುವಂತಿಲ್ಲ. ಹಾಗಾಗಿ ಬೋಟು ನನ್ನ ತಲೆಗೆ ಬಂತು. ಅವನನ್ನು ಬಿಟ್ಟರೆ ಮನೆಯಲ್ಲಿ ಕಾರು ಓಡಿಸುವವಳು ನಾನೊಬ್ಬಳೇ. ಮೆಕ್ಯಾನಿಕ್ ಈರುಳ್ಳಿ ಮೂಟೆಗಳನ್ನು ಇಳಿಸಿಹಾಕಿ, ತನ್ನೂರಿಗೆ ಮರಳುವ ಮೊದಲು ಎರಡು ಭಾನುವಾರ ಕಲಿಸಿದ.

ಮೊದಲ ದಿನ ಬೋಟು ಬಲಕ್ಕೆ ವಾಲಿತು, ನಾನು ಬಲಗಡೆಯ ಗುಂಡಿ ಒತ್ತಿದೆ. ಇನ್ನಷ್ಟು ವಾಲಿತು.

"ಅಕ್ಕ, ಗುಂಡಿ ಪಟ್ಟಿಯದ್ದಲ್ಲ, ಬೋಟಿನ ಮೂತಿಯದ್ದು. ಎಡ ಒತ್ತಿದ್ರೆ ಎಡ ಮೂತಿ ಇಳಿಯುದು. ಯಾವ ಬದಿ ಎದ್ದಿದೆಯೋ ಅದನ್ನು ಒತ್ತುದು."

"ಎಡ ಗುಂಡಿ ಒತ್ತಿದ್ರೆ ಇಳಿಯೋದು ಬಲಗಡೆ ಪಟ್ಟಿನಾ?"

"ಹೌದು."

"ಇದನ್ನ ಮಾಡ್ದೋನಿಗೆ ತಲೆ ನೆಟ್ಟಗಿತ್ತೇನಪ್ಪಾ?"

ಎಡ ಗುಂಡಿ ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಆಮೇಲೆ ಒಮ್ಮೆಲೇ ಬೋಟು ಎಡಕ್ಕೆ ಬಿತ್ತು. ಪಕ್ಕದಲ್ಲಿದ್ದ ತಮ್ಮ ಶಿವಶಿವಾ ಎಂದು ಕಂಬಿ ತಬ್ಬಿಕೊಂಡ. ಒಂದು ಚೂರು ಒತ್ತಿ, ಕೈ ತೆಗೆದು, ಕಾಯಬೇಕು. ಬೋಟು ನಿಧಾನಕ್ಕೆ ಉತ್ತರ ಕೊಡುತ್ತದೆ. ಮುದ್ದೆಗೆ ಹಿಟ್ಟು ಹಾಕಿದವರಿಗೆ ಇದು ತಿಳಿಯುತ್ತದೆ. ಲಿಫ್ಟಿನ ಗುಂಡಿಯನ್ನು ಹತ್ತು ಸಲ ಕುಟ್ಟುವ ನಮ್ಮ ಗಂಡಸರಿಗೆ ತಿಳಿಯುವುದಿಲ್ಲ. ತಮ್ಮನಿಗೂ ಒಮ್ಮೆ ಕೊಟ್ಟು ನೋಡಿದೆವು. ಕುಟ್ಟಿದ. ಮೆಕ್ಯಾನಿಕ್ ಅವನ ಕೈಯನ್ನು ಮೆಲ್ಲಗೆ ಎತ್ತಿ ಅವನ ತೊಡೆಯ ಮೇಲೆಯೇ ಇಟ್ಟ.

ಹುಡುಗನನ್ನು ಊರಲ್ಲೇ ಬಿಟ್ಟು ಬೀಗರು ಬಂದ ದಿನ ತಮ್ಮನ ಮಗಳು ದಡದಲ್ಲಿ ನನ್ನ ಕೈ ಹಿಡಿದುಕೊಂಡಳು.

"ಅತ್ತೆ, ಅವರಪ್ಪಂಗೆ ಇವತ್ತು ಒಂದೇ ಒಂದು ನೆಪ ಸಿಗಬಾರ್ದು."

"ಸಿಗಲ್ಲ ಕಣೇ, ಹತ್ತು."

ಹತ್ತಿದರು. ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗಂಡಸರೆಲ್ಲ ಬಲಕ್ಕೆ, ಹೆಂಗಸರೆಲ್ಲ ಎಡಕ್ಕೆ. ನೀರಿನ ಮೇಲೂ ಮದುವೆ ಚಪ್ಪರವೇ. ಬೀಗ ನೂರು ಕಿಲೋಗೆ ಕಮ್ಮಿಯಿಲ್ಲದ ಆಳು. ಅವರ ಇಬ್ಬರು ಅಣ್ಣಂದಿರೂ ಅದೇ ಅಚ್ಚು. ಜೊತೆಗೆ ನನ್ನ ತಮ್ಮ. ಎಡಗಡೆ ಕಡ್ಡಿಯಂಥ ಬೀಗಿತಿ ಮತ್ತು ನಮ್ಮ ಹುಡುಗಿ, ಇಬ್ಬರೇ.

ವೇಗ ಹಿಡಿಯುತ್ತಲೇ ಬೋಟು ಬಲಕ್ಕೆ ಮಲಗಿತು. ಬೀಗರ ಮೊಣಕೈ ಹತ್ತಿರ ನೀರು ಚಿಮ್ಮಿತು. ಬೀಗಿತಿ ಮೇಲೆ ಕಂಬಿಗೆ ಜೋತುಬಿದ್ದಿದ್ದರು. ಬೀಗರ ಮುಖ ನೋಡಿದೆ, ಹೆದರಿಕೆಗಿಂತ ಸಂತೋಷವೇ ಹೆಚ್ಚಿತ್ತು. ನೆಪ ಸಿಕ್ಕಿತಲ್ಲ.

ತಮ್ಮನ ಬಾಯಿ ತೆರೆಯಿತು. "ಬೀಗ್ರೇ, ಒಂಚೂರು ಎದ್ದು ಆ ಕಡೆ..."

ಕೂರಿಸಿದ ಬೀಗರನ್ನು ಏಳಿಸುವುದೇ? ಅದೂ ಹೆಂಗಸರ ಕಡೆಗೆ? ಮದುವೆ ಅಲ್ಲಿಗೇ ಮುಳುಗುತ್ತಿತ್ತು.

"ಲೇ, ಬಾಯ್ಮುಚ್ಕೊಂಡು ಕೂತ್ಕೋ," ಎಂದೆ. "ಬೀಗ್ರೇ, ನೀವ್ ಆರಾಮಾಗಿ ಕೂತ್ಕಳಿ. ಏಳೋದೇನ್ ಬ್ಯಾಡ."

ಎಡ ಗುಂಡಿಯನ್ನು ಚೂರು ಒತ್ತಿ ಕೈ ತೆಗೆದೆ. ಕಾದೆ.

"ಇನ್ನೊಂದ್ಸಲ ಒತ್ತಕ್ಕಾ!" ತಮ್ಮ ಹಿಂದಿನಿಂದ ಕೂಗಿದ.

ಒತ್ತಲಿಲ್ಲ. ಬೀಗರ ಭಾರಕ್ಕೆ ಕುಸಿದಿದ್ದ ಮೂಲೆ ನಿಧಾನವಾಗಿ ಎದ್ದಿತು. ಇನ್ನೊಂದು ಚೂರು ಒತ್ತಿದೆ, ಮತ್ತೆ ಕಾದೆ. ಬೀಗಿತಿ ಗಂಡನಿಗಿಂತ ಮೇಲಿದ್ದವರು ಇಳಿದು ಇಳಿದು ಅವರ ಮಟ್ಟಕ್ಕೆ ಬಂದರು. ಕಂಬಿ ಬಿಟ್ಟರು. ಸೆರಗು ಸರಿಮಾಡಿಕೊಂಡು ಎದುರಿನ ಗುಡ್ಡ ನೋಡಿದರು. ಯಾರೂ ಏಳಲಿಲ್ಲ, ಯಾರ ಬಟ್ಟೆಯೂ ನೆನೆಯಲಿಲ್ಲ. ಬೀಗರು ಮಾತ್ರ ಏನೋ ಕಳೆದುಕೊಂಡವರಂತೆ ಸೀಟಿನ ಅಡಿ, ಕಂಬಿ, ನನ್ನ ಬೆನ್ನು ಎಲ್ಲವನ್ನೂ ನೋಡುತ್ತಿದ್ದರು.

ದಡಕ್ಕೆ ಬಂದು ಇಳಿದ ಮೇಲೆ ಶುರುಮಾಡಿದರು. "ಎಲ್ಲಾ ಚೆನ್ನಾಗೈತೆ. ಆದ್ರೆ ಹೆಣ್ಮಗಳ ಕೈಲಿ ಬೋಟ್ ಓಡಿಸೋದು, ನಮ್ ಕಡೆ..."

ನಮ್ಮ ಹುಡುಗಿ ನನ್ನ ಕಡೆ ನೋಡಿದಳು. ನಾನು ಹಗ್ಗ ಕಟ್ಟುತ್ತಿದ್ದವಳು ಬಾಯಿ ತೆರೆಯುವುದರೊಳಗೆ ಬೀಗಿತಿ ತಿರುಗಿದರು.

"ಸಾಕು ಸುಮ್ನಿರಿ. ಇಪ್ಪತ್ತೆಂಟು ವರ್ಷ ನೀವ್ ಓಡ್ಸೋ ಬೈಕ್ ಹಿಂದೆ ಕೂತು ನನ್ ಸೊಂಟ ಹೋಯ್ತು. ಇವತ್ತೊಂದಿನ ನೆಟ್ಟಗೆ ಕೂತಿದ್ದೆ." ಆಮೇಲೆ ನನ್ನ ಕಡೆ ನೋಡಿದರು. "ತಾಂಬೂಲದ ತಟ್ಟೆ ಬದಲಾಯ್ಸಕ್ಕೆ ಒಂದ್ ದಿನ ನೋಡಮ್ಮಾ."

ಬೀಗರು ಕೆಮ್ಮಿದರು. ಅವರ ಅಣ್ಣಂದಿರು ಆಕಾಶ ನೋಡಿದರು. ಹುಡುಗಿ ಬೀಗಿತಿಯ ಕೈಚೀಲ ತೆಗೆದುಕೊಂಡು, ತಿರುಗಿಯೂ ನೋಡದೆ ಅವರ ಜೊತೆ ಕಾರಿನ ಕಡೆ ನಡೆದಳು. ನನ್ನ ತಮ್ಮ ಪಂಚೆ ಕೊಡವಿಕೊಂಡು ಬೀಗರ ಹೆಗಲ ಮೇಲೆ ಕೈ ಹಾಕಿದ.

"ಹೆಂಗೆ ಬೀಗ್ರೇ? ಒಂದ್ ಚೂರಾದ್ರೂ ವಾಲ್ತಾ? ಲೆವೆಲ್ ಎಲ್ಲಾ ನಾನೇ ನಿಂತು ಸೆಟ್ ಮಾಡ್ಸಿದ್ದು."