ಕೊಟ್ಟವರ ಹೆಸರು ಮೊದಲು

ಸವಣೂರಿನ ಹಳೆಯ ವಾಚನಾಲಯದ ಬಾಗಿಲು ಬೆಳಗಿನ ಆರಕ್ಕೇ ತೆರೆದಿದೆ. ಪತ್ರಿಕೆ ಓದುವ ಹಿರಿಯರು ಬರುವುದು ಏಳರ ಮೇಲೆ. ಅವರು ಬಂದರೆ ರಾಜಕೀಯದ ಗದ್ದಲ ಶುರು. ಅದಕ್ಕೇ ಇಲ್ಲಿ ಕೆಲಸ ಮಾಡುವ ತಹಮೀನಾ ಬೇಗ ಬಂದು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಎಡಗಡೆ ಅಂಚು ಹರಿದ ಹಳೆಯ ಪುಸ್ತಕಸೂಚಿ, ಬಲಗಡೆ ಚಹಾ. ಪರದೆ ನೋಡುತ್ತಾರೆ, ಸೂಚಿ ನೋಡುತ್ತಾರೆ, ಒಂದು ಅಲ್ಪವಿರಾಮ ಅಳಿಸುತ್ತಾರೆ. ಮತ್ತೆ ನೋಡುತ್ತಾರೆ. ಚಹಾ ಆರಿ ಹೋಗಿದೆ.

“ಇಷ್ಟಕ್ಕ ಪೇಪರ್‌ನ್ಯಾಗ ಏನ್ ಬರೀತೀರ್ರಿ?” ಎಂದು ನನ್ನನ್ನೇ ಕೇಳುತ್ತಾರೆ. “ನಾ ಮಾಡೂದು ಹಿಂದಿಂದು ಮುಂದ, ಮುಂದಿಂದು ಹಿಂದ. ಅಷ್ಟ.”

ಆ ‘ಅಷ್ಟ’ದ ಮೇಲೆ ಈ ವಾಚನಾಲಯದ ಕಪಾಟುಗಳೆಲ್ಲ ನಿಂತಿವೆ. ಇಲ್ಲಿನ ಪುಸ್ತಕಗಳು ಕೊಂಡು ತಂದವಲ್ಲ. ವಾಚನಾಲಯ ಕಟ್ಟಿದವರು ಸವಣೂರು, ಹಾನಗಲ್, ಹಿರೇಕೆರೂರು ಸೀಮೆಯ ಮನೆಮನೆಗೆ ಹೋಗಿ ಬೇಡಿ ತಂದವು. ಬದಲಿಗೆ ಒಂದು ಮಾತು ಕೊಟ್ಟಿದ್ದರು: ನಿಮ್ಮ ಮನೆಯ ಪುಸ್ತಕ ನಿಮ್ಮ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಇಂದಿಗೂ ಇಲ್ಲಿ ಅಕ್ಕಿಆಲೂರಿನ ಗಿರಣಿ ಮನೆಯವರದೇ ಒಂದು ಕಪಾಟು, ಶಿಗ್ಗಾಂವಿಯ ವೈದ್ಯರ ಮನೆಯವರದೇ ಒಂದು. ಹಳೆಯ ಸೂಚಿಯಲ್ಲಿ ಮೊದಲು ಬರುವುದು ಕೊಟ್ಟವರ ಹೆಸರು, ಆಮೇಲೆ ಪುಸ್ತಕ, ಬರೆದವರು ಕೊನೆಗೆ. ಲೇಖಕರಿಗೆ ಇದು ಬೇಸರ ತಂದೀತು. ನನಗಂತೂ ಬಹಳ ಹಿಡಿಸಿತು.

ಆದರೆ ಓದಲು ಬರುವವರು ಲೇಖಕರ ಹೆಸರು ಹಿಡಿದು ಬರುತ್ತಾರೆ, ಕಪಾಟಿನ ಮುಂದೆ ದಿಕ್ಕು ತಪ್ಪಿ ನಿಲ್ಲುತ್ತಾರೆ. ಹೊಸ ಸೂಚಿ ಅಚ್ಚು ಹಾಕಿಸುವ ಮಾತು ಬಂದಾಗ ಆಡಳಿತ ಸಮಿತಿ ಖಡಕ್ಕಾಗಿ ಹೇಳಿತು. ಹಳೆಯ ಕ್ರಮ ಕಂಪ್ಯೂಟರಿನಲ್ಲಿ ಕೂತರೆ ಸರಿ. ಇಲ್ಲದಿದ್ದರೆ ಎಲ್ಲ ಕಪಾಟು ಖಾಲಿ ಮಾಡಿ ಲೇಖಕರ ಪ್ರಕಾರ ಜೋಡಿಸುವುದು, ಕೊಟ್ಟವರ ಹೆಸರು ಬಿಡುವುದು. ಅಧ್ಯಕ್ಷ ಮೃತ್ಯುಂಜಯ ನಿವೃತ್ತ ಮಾಸ್ತರರು, ಒಳ್ಳೆಯವರೇ. “ಮಂದಿಗೆ ಪುಸ್ತಕ ಸಿಗದಿದ್ರ ಹೆಸರು ಇಟ್ಕೊಂಡು ಏನ್ ಮಾಡೂದ್ರಿ?” ಎಂಬ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ.

ತಹಮೀನಾ ಮೊದಲು ಲಗ್ನಪತ್ರಿಕೆ ಅಚ್ಚು ಮಾಡುವ ಅಂಗಡಿಯಲ್ಲಿ ಅಕ್ಷರ ಜೋಡಿಸುತ್ತಿದ್ದರು. ಮಂದಿ ಮೊಬೈಲಿನಲ್ಲೇ ಆಮಂತ್ರಣ ಕಳಿಸತೊಡಗಿದ ಮೇಲೆ ಅಂಗಡಿ ಮುಚ್ಚಿತು. ಒಂದು ವರ್ಷ ಮನೆಯಲ್ಲಿ ಕೂತರು, ಆಮೇಲೆ ಇಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಹಿರೇಕೆರೂರಿನ ಸಂಶೋಧನಾ ವಿದ್ಯಾರ್ಥಿನಿ ಮಧುಶ್ರೀ ಇವರಿಗೊಂದು ಪುಕ್ಕಟೆ ಸಾಫ್ಟ್‌ವೇರ್ ತೋರಿಸಿದರು. ಸಂಶೋಧಕರು ಪ್ರಬಂಧದ ಕೊನೆಗೆ ಕೊಡುವ ಆಕರಗಳ ಪಟ್ಟಿಯನ್ನು ಅದು ತಾನೇ ಜೋಡಿಸುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಚುಕ್ಕೆ ಎಲ್ಲಿ ಎಂಬ ಅಪ್ಪಣೆಗಳೆಲ್ಲ ಒಂದು ಕಡತದಲ್ಲಿರುತ್ತವೆ. ಅದಕ್ಕೆ ಸ್ಟೈಲ್ ಎನ್ನುತ್ತಾರೆ. ಜಗತ್ತಿನ ಸ್ಟೈಲ್‌ಗಳಲ್ಲಿ ಬಹುಪಾಲು ಬರೆದವರಿಂದಲೇ ಶುರುವಾಗುತ್ತವೆ. ಕೊಟ್ಟವರಿಂದ ಶುರುವಾಗುವುದು ಇವರಿಗೆ ಒಂದೂ ಸಿಗಲಿಲ್ಲ. ತಾವೇ ಮಾಡಲು ಕುಳಿತರು.

“ಮೊದಲನೇ ದಿನ ಒಂದು ಕಂಸ ಅಳಿಸಿದ್ದೆ, ಎಲ್ಲಾ ಬಂದ್ ಆತ್ರಿ. ನಮ್ಮ ಮನಿಯವರು ಇರ್ಫಾನ, ಟೇಲರ್ ಅದಾರ. ಒಂದು ಹೊಲಿಗಿ ಜಗ್ಗಿದ್ರ ಇಡೀ ಅಂಗಿ ಬಿಚ್ಚತೈತಲ್ಲ, ಹಂಗ ಅಂದ್ರು. ಅವರು ನಕ್ರು, ನನಗ ಅಳು ಬಂದಿತ್ತು.”

ದಿನಕ್ಕೆ ಇಪ್ಪತ್ತರಷ್ಟು ಪುಸ್ತಕಗಳ ವಿವರ ತುಂಬುತ್ತ, ವಿಡಿಯೊ ನೋಡುತ್ತ, ಒಂದು ಉಪಾಯ ಕಂಡುಕೊಂಡರು. ಲೇಖಕರ ಜಾಗದಲ್ಲಿ ಕೊಟ್ಟವರ ಹೆಸರು ಬರೆದರೆ ಕಂಪ್ಯೂಟರ್ ಅದನ್ನೇ ಮೊದಲು ತರುತ್ತದೆ! ಮಾದರಿ ಪುಟಗಳನ್ನು ಮುದ್ರಿಸಿ ಗೋಡೆಗೆ ಅಂಟಿಸಿಯೂ ಬಿಟ್ಟರು.

ಹತ್ತಿಮತ್ತೂರಿನಿಂದ ಅನ್ನವ್ವ ಬಂದಿದ್ದು ಆಗಲೇ. ಅವರ ಮಾವ ಮಹಾಲಿಂಗಪ್ಪ ಹತ್ತಿ ವ್ಯಾಪಾರಿ, ಒಂದು ಇಡೀ ಕಪಾಟು ಕೊಟ್ಟವರು. ಗೋಡೆಯ ಮೇಲಿನ ಪಟ್ಟಿಯಲ್ಲಿ ಆ ಮಹಾಲಿಂಗಪ್ಪನವರೇ ವ್ಯಾಕರಣ ಬರೆದಿದ್ದರು, ಕುದುರೆಗಳ ಔಷಧೋಪಚಾರ ಬರೆದಿದ್ದರು, ಬಾಣಂತಿಯರ ಆರೈಕೆಯನ್ನೂ ಬರೆದಿದ್ದರು.

“ನಕ್ಕೂ ನಕ್ಕೂ ಹೊಟ್ಟಿ ನೋವು ಬಂತ್ರಿ,” ಎನ್ನುತ್ತಾರೆ ಅನ್ನವ್ವ. “ನಮ್ಮ ಮಾವ ಸಹಿ ಬಿಟ್ಟು ಮತ್ತೊಂದು ಅಕ್ಷರ ಬರದಾಂವ ಅಲ್ಲ. ಸಮಿತಿಯವರು, ಸಾಕಿನ್ನ, ಹೆಸರ ತಗದಬಿಡ್ರಿ ಅಂದ್ರು. ಆಗ ನಗು ನಿಂತಬಿಡ್ತು. ಆ ಹುಡುಗಿಗೆ ಇನ್ನೊಂದು ವಾರ ಕೊಡ್ರಿ ಅಂತ ನಾನ ಜಗಳಾ ತಗದೆ.”

ಆ ವಾರದಲ್ಲಿ ಕೆಲಸ ಕೈಗೂಡಿತು. ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಬರೆಯಲು ಸಾಫ್ಟ್‌ವೇರಿನಲ್ಲಿ ಬೇರೆಯದೇ ಒಂದು ಜಾಗವಿದೆ. ತಹಮೀನಾ ಕೊಟ್ಟವರನ್ನೂ ಕಪಾಟನ್ನೂ ಅಲ್ಲಿಗೆ ಸಾಗಿಸಿದರು, ಆ ಜಾಗವನ್ನೇ ಸಾಲಿನ ಮುಂದಕ್ಕೆ ತಂದರು, ಲೇಖಕರನ್ನು ಲೇಖಕರಾಗಿಯೇ ಕೊನೆಗೆ ಕೂರಿಸಿದರು. ಕಂಪ್ಯೂಟರಿನಲ್ಲಿ ಲೇಖಕರ ಹೆಸರು ಹುಡುಕಿದರೂ ಈಗ ಕಪಾಟು ಸಿಗುತ್ತದೆ. ಹಳೆಯ ಸೂಚಿಯಲ್ಲಿ ಇಲ್ಲದ ಒಂದೇ ಮಾತು ಸೇರಿಸಿದರು: ‘ಕೊಟ್ಟವರು’. “ಹಿಂದಿನ ಮಂದಿಗೆ ಗೊತ್ತಿತ್ರಿ, ಹೇಳೂದು ಬೇಕಾಗಿರಲಿಲ್ಲ. ಈಗ ಹೇಳಬೇಕಾಗತೈತಿ.” ಮಧುಶ್ರೀ ತಮ್ಮ ಪ್ರಬಂಧಕ್ಕೂ ಅದೇ ಸ್ಟೈಲ್ ಹಾಕಿಕೊಂಡರು. ಅದರ ಅಡಿಟಿಪ್ಪಣಿ ಹಿಡಿದು ಬಂದವರು ಈಗ ನೇರ ಕಪಾಟಿಗೇ ಕೈ ಹಾಕುತ್ತಾರೆ. ಹಾಗೆ ತಾವೇ ಕೈ ಹಾಕಿ ನೋಡಿದ ಮೇಲೆಯೇ ಮೃತ್ಯುಂಜಯ ಮಾಸ್ತರರು ಒಪ್ಪಿದ್ದು. ಕಪಾಟುಗಳು ಇದ್ದಲ್ಲೇ ಇರುತ್ತವೆ, ಸೂಚಿ ಅಚ್ಚಿಗೆ ಹೋಗುತ್ತಿದೆ.

ಖುಷಿಯೇ ಎಂದು ಕೇಳಿದೆ. ತಹಮೀನಾ ಪರದೆ ಬಿಟ್ಟು ಮೊದಲ ಸಲ ನನ್ನ ಕಡೆ ತಿರುಗಿ ಕುಳಿತರು.

“ಭಾಳ ಖುಷಿ ಐತ್ರಿ. ಒಂದು ಆಸೆ ಉಳದೈತಿ. ಈಗ ನಮ್ಮ ಮನಿಯಿಂದನೂ ಒಂದು ಪುಸ್ತಕ ಕೊಡಬೇಕು, ನಮ್ಮ ಅವ್ವನ ಹೆಸರಿಲೆ. ಲಾಲಬಿ ಅಂತ ಆಕಿ ಹೆಸರು. ವೀಳ್ಯದೆಲಿ ತೋಟದಾಗ ಎಲಿ ಕಟ್ಟಿ ಕಟ್ಟಿ ನನ್ನ ಓದಿಸ್ಯಾಳ. ಹೇಳಿದ್ದಕ್ಕ ಬೈದ್ಲು. ‘ಓದಾಕ ಬರದಾಕಿ ಹೆಸರು ಪುಸ್ತಕದ ಮುಂದ ಯಾಕ ಬೇಕ?’ ಅಂದ್ಲು. ನಾ ಅಂದೆ, ಓದಿದವರದು ನಮ್ಮ ಸೂಚಿನ್ಯಾಗ ಬರೂದ ಇಲ್ಲ ಅವ್ವಾ, ಕೊಟ್ಟವರದು ಮೊದಲು ಬರತೈತಿ.”