ಹಲಗೆ ಇಳಿದ ಸಂಜೆ

ತಮಿಳು ಸೀಮೆಯ ಅನ್ನೂರಿನಲ್ಲಿ, ನಮ್ಮ ಹಿತ್ತಲ ಬೇವಿನ ಮರದಲ್ಲಿ ಒಂದು ಉಯ್ಯಾಲೆಯಿತ್ತು. ಹಳೆಯ ಬಾಗಿಲಿನಿಂದ ಕೊಯ್ದ ಹಲಗೆ, ಬಾವಿಯಿಂದ ನಿವೃತ್ತವಾದ ಹಗ್ಗ. ಇಬ್ಬರು ಪಿಂಚಣಿದಾರರು ಸೇರಿ ಒಂದು ಮಗುವನ್ನು ಆಡಿಸುತ್ತಿದ್ದರು ಎನ್ನಿ. ಮಗಳು ಮಲ್ಲಿಕಾಳ ಕಾಲು ನೆಲಕ್ಕೆ ತಾಗತೊಡಗಿದಾಗಲೆಲ್ಲ ನಾನು ಹಗ್ಗವನ್ನು ಒಂದು ಗೇಣು ಮೇಲಕ್ಕೆ ಬಿಗಿಯುತ್ತಿದ್ದೆ. ಮಗುವಿನೊಡನೆ ಉಯ್ಯಾಲೆಯೂ ಬೆಳೆದರೆ ಆಟ ಮುಗಿಯುವುದೇ ಇಲ್ಲವೆಂದು, ಎಲ್ಲ ತಾಯಂದಿರಂತೆ, ನಾನೂ ನಂಬಿದ್ದೆ.

ನಾನು ಚಾಮರಾಜನಗರದ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲಿಯೇ ಬೇಸಾಯ ಮಾಡಿಕೊಂಡಿದ್ದವರು. ಹೊಸ್ತಿಲೊಳಗೆ ಕನ್ನಡ, ದಾಟಿದರೆ ತಮಿಳು. ಪ್ರತಿವರ್ಷ ಮಳೆಗೆ ಮುಂಚೆ ಹೆಂಗಸರು ಸಂಜೆ ಜಗಲಿಯಲ್ಲಿ ಕೂತು ಬಿತ್ತನೆಯ ಕಡಲೆಕಾಯಿ ಒಡೆಯುತ್ತಿದ್ದೆವು. ಬೀಜದ ಕೆಂಪು ಸಿಪ್ಪೆ ಹರಿದರೆ ಮೊಳಕೆ ಬಾರದೆಂದು ಈ ಕೆಲಸವನ್ನು ಕೈಯಲ್ಲೇ ಮಾಡಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ಮಕ್ಕಳನ್ನು ಮಾತ್ರ ಹತ್ತಿರ ಸೇರಿಸುತ್ತಿರಲಿಲ್ಲ. ಬೀಜ ತಿಂದುಬಿಡುತ್ತಾರೆ ಎಂಬುದು ನೆಪ. ಅಲ್ಲಿಯ ಮಾತು ಅವರ ಕಿವಿಗಲ್ಲ ಎಂಬುದು ನಿಜ.

ಮನೆಗೊಂದು ಸೆಲ್‌ಫೋನ್ ಬಂದ ಹೊಸತು ಅದು. ಹನ್ನೆರಡು ತುಂಬಿದ್ದ ಮಲ್ಲಿಕಾ ನೀರಿಗೆಂದೊಮ್ಮೆ, ಕ್ಲಿಪ್ಪು ಹುಡುಕಲೆಂದೊಮ್ಮೆ ಬಂದು, ಬಂದಾಗಲೆಲ್ಲ ಜಗಲಿಯ ಕಂಬದ ಹಿಂದೆ ಒಂದಿಷ್ಟು ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಮದುವೆಯಾದ ವರ್ಷ ಯಾರಿಗೂ ಹೇಳದೆ ತವರಿಗೆ ಹೊರಟು ಸತ್ಯಮಂಗಲದ ಬಸ್ಸು ಹತ್ತಿದ್ದ ನನ್ನ ಕಥೆಯನ್ನು ಒಂದು ಸಂಜೆ ಪಕ್ಕದ ಮನೆಯ ಸರೋಜಕ್ಕನಿಗೆ ಹೇಳುತ್ತಿದ್ದೆ.

"ಅಪ್ಪುರಂ? ಆಮೇಲೇನಾಯ್ತು?" ಕಂಬದ ಹಿಂದಿನಿಂದ ಮಗಳ ದನಿ.

"ನಿನಗ್ಯಾಕೆ? ಹೋಗು, ಉಯ್ಯಾಲೆ ಆಡ್ಕೋ."

ಅಷ್ಟಕ್ಕೇ ಬಿಡದೆ, ದೊಡ್ಡ ಉಪಕಾರ ಮಾಡುವವಳಂತೆ ಮರುದಿನ ಹಗ್ಗವನ್ನು ಮತ್ತೊಂದು ಗೇಣು ಏರಿಸಿದೆ. ಅವಳು ನನ್ನ ಮನಸ್ಸು ನೋಯಿಸಬಾರದೆಂದು ಎರಡು ಜೀಕು ಜೀಕಿ ಇಳಿದಳು. ಆಮೇಲೆ ಉಯ್ಯಾಲೆಗೂ ಬರಲಿಲ್ಲ, ಜಗಲಿಗೂ ಬರಲಿಲ್ಲ. ಒಳಗೆ ಪುಸ್ತಕ ತೆರೆದು ಹಾಳೆ ತಿರುಗಿಸದೆ ಕೂತಿರುತ್ತಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ. ಮಗಳು ಮನೆಯಲ್ಲಿದ್ದೂ ನನ್ನ ಕೈತಪ್ಪಿ ಹೋಗುತ್ತಿದ್ದಾಳೆಂದು ನನಗೆ ಭಯವಾಯಿತು.

ಆಟದ ಬಯಲು ಚಿಕ್ಕದಾದ ಮೇಲೆ ಮಕ್ಕಳಿಗೆ ಯಾವುದು ರುಚಿಸುತ್ತದೆ, ಹೇಳಿ? ಸೈಕಲ್ಲು, ಟಿವಿ, ಗೆಳತಿಯರು ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದೇ ವಯಸ್ಸಿನಲ್ಲಿ ನಿದ್ದೆ ಬಂದವಳಂತೆ ಮಲಗಿ, ಅಮ್ಮನೂ ಚಿಕ್ಕಮ್ಮನೂ ಪಿಸುಗುಟ್ಟಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದವಳು ನಾನು. ಅಮ್ಮನಾಗುವ ಮೊದಲೂ ಅಮ್ಮ ಯಾರೋ ಆಗಿದ್ದಳೆಂದು ತಿಳಿಯುವ ಆ ಸುಖದ ಮುಂದೆ ಯಾವ ಆಟವೂ ಸಪ್ಪೆಯೇ. ಅದು ಗೊತ್ತಿದ್ದೂ ಮಗಳನ್ನು ಅಟ್ಟಿದ್ದೆ. ಈ ಮನೆ ಬಿಟ್ಟು ಓಡಿದ್ದವಳು ಎಂದು ತಿಳಿದರೆ ನನ್ನನ್ನು ಹೇಗೆ ನೋಡುತ್ತಾಳೋ ಎಂಬ ಅಳುಕು.

ಅತ್ತೆಯೇ ಕೊನೆಗೆ ಅಂದರು: "ಅವಳ್ನ ಎಷ್ಟು ನಾಳು ಅಂತ ಓಡಿಸ್ತೀಯ ಅಮ್ಮಿಣಿ? ಕೈ ದೊಡ್ಡದಾಗ್ಯದೆ, ಕಾಯಿ ಒಡೀಲಿ ಬುಡು."

ಆ ಸಂಜೆ ಉಯ್ಯಾಲೆಯ ಗಂಟುಗಳನ್ನು ನಾನೇ ಬಿಚ್ಚಿದೆ. ಹಲಗೆಯನ್ನು ಜಗಲಿಗೆ ತಂದು, ಅತ್ತೆಯ ಪಕ್ಕದಲ್ಲಿಟ್ಟು, ಮಗಳನ್ನು ಕರೆದೆ. ಅವಳು ಬಂದು ಕೂತು ಮೊರವನ್ನು ಮಡಿಲಿಗೆ ಎಳೆದುಕೊಂಡಳು. ಮೊದಲ ಬೀಜ ಬಾಯಿಗೇ ಹೋಯಿತು, ಯಾರೂ ಗದರಲಿಲ್ಲ. ಅವಳು ಕೇಳದಿದ್ದರೂ ನಾನು ಕಥೆಯನ್ನು ಬಿಟ್ಟಲ್ಲಿಂದ ಎತ್ತಿಕೊಂಡೆ. ನಡುದಾರಿಯ ಪುಳಿಯಂಪಟ್ಟಿಯಲ್ಲಿ ಧೈರ್ಯ ಸಾಲದೆ ಇಳಿದು ಅಳುತ್ತ ನಿಂತದ್ದು, ಹಿಂದೆಯೇ ಬಂದ ಬಸ್ಸಿನಿಂದ ಅತ್ತೆ ಬುತ್ತಿ ಹಿಡಿದು ಇಳಿದದ್ದು.

"ಬೈಲಿಲ್ವ ಪಾಟಿ?" ಮಲ್ಲಿಕಾ ಅಜ್ಜಿಯನ್ನು ಕೇಳಿದಳು.

"ಹಸ್ಕೊಂಡು ಹೋಗಿದ್ಳು," ಎಂದರು ಅತ್ತೆ, ಕಾಯಿಯಿಂದ ಕಣ್ಣೆತ್ತದೆ.

ಮಗಳು ಹಲಗೆಯ ಮೇಲೆ ಒಂದು ಗೇಣು ಸರಿದು ನನಗೆ ಜಾಗ ಮಾಡಿಕೊಟ್ಟಳು.