ವಾಸನೆ ಸತ್ತ ಮೇಲೆ

ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದ ಆಕೆಗೆ ಸೊಪ್ಪೆಂದರೆ ಪ್ರಾಣ. ತಾನು ನೆಟ್ಟದ್ದಿರಲಿ, ತಾನಾಗಿ ಚಿಗುರಿದ್ದಿರಲಿ, ಎಲೆ ಹೊಸಕಿ ಮೂಸಿ ನೋಡದೆ ಒಲೆಗೆ ಏರಿಸಿದವಳಲ್ಲ. ಅನುಮಾನ ಬಂದದ್ದು ನೇರ ಕಸಕ್ಕೆ.

ಒಮ್ಮೆ ಮೈಸುಡುವ ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಹಾಲು ಸೀದರೂ ಆಕೆಗೆ ತಿಳಿಯದು. ಇಂದಲ್ಲ ನಾಳೆ ಸರಿಹೋದೀತೆಂದು ಯಾರಿಗೂ ಹೇಳಲಿಲ್ಲ.

ಹಿತ್ತಲಲ್ಲಿ ಬೆಳ್ಳುಳ್ಳಿಯ ಪಕ್ಕದಲ್ಲೇ ಲಿಲ್ಲಿ ಹೂವಿನ ಗಿಡಗಳು ಹಬ್ಬಿದ್ದವು. ಹೂವಿಲ್ಲದ ಹೊತ್ತಿನಲ್ಲಿ ಎರಡೂ ಅವಳಿಜವಳಿ: ಅದೇ ನೀಳ ಎಲೆ, ಅದೇ ಬಿಳಿ ಗೆಡ್ಡೆ. ಆದರೆ ಲಿಲ್ಲಿ ವಿಷ. ಆಕೆ ಅವನ್ನು ಬೇರೆ ಮಾಡುತ್ತಿದ್ದದ್ದು ಬೆಳ್ಳುಳ್ಳಿಯ ಘಾಟಿನಿಂದಲೇ. ಅಂದು ಗಿರಾಕಿಯ ರವಿಕೆಯ ಅವಸರ. ಬೆಳ್ಳುಳ್ಳಿ ಸೊಪ್ಪೆಂದೇ ಒಂದು ಹಿಡಿ ಕಿತ್ತು ತಂದು ಹೆಚ್ಚಿ, ಮೊಟ್ಟೆಯ ಜೊತೆ ಹುರಿದಳು.

ಮೊದಲು ಊಟಕ್ಕೆ ಕೂತ ಅತ್ತೆ ಎರಡು ತುತ್ತು ತಿಂದು ತಡೆದರು. "ಬೆಳ್ಳುಳ್ಳಿ ಘಮಾನೇ ಇಲ್ವಲ್ಲೇ?"

"ನಿಮ್ಮ ಮೂಗಿಗೂ ವಯಸ್ಸಾಯ್ತು ಅತ್ತೆ, ತಿನ್ನಿ" ಎಂದು ನಕ್ಕಳು.

ಅತ್ತೆಯೂ ನಕ್ಕು ತಟ್ಟೆ ಖಾಲಿ ಮಾಡಿದರು.

ಸ್ವಲ್ಪ ಹೊತ್ತಿನಲ್ಲೇ ವಾಂತಿ ಶುರುವಾಯಿತು. ಗಂಡ ತಾಯಿಯನ್ನು ಆಸ್ಪತ್ರೆಗೆ ಹೊತ್ತೊಯ್ದ. "ತಿಂದ ಸೊಪ್ಪು ಯಾವುದು? ಗಿಡಾನೇ ತನ್ನಿ" ಎಂದರು ಡಾಕ್ಟರು.

ಜೊತೆಗೆ ಹೋಗಿದ್ದ ಆಕೆ ಮನೆಗೆ ಮರಳಿ ಹಿತ್ತಲಿಗೆ ಓಡಿದಳು. ಒಂದೆಲೆ ಹೊಸಕಿ ಮೂಗಿಗೆ ಹಿಡಿದಳು. ಏನೂ ಇಲ್ಲ. ಇನ್ನೊಂದು. ಅದೂ ಇಲ್ಲ. ಬೆರಳೆಲ್ಲ ಹಸಿರಾಯಿತು; ಗಾಳಿ ಮಾತ್ರ ಒಳಹೋಗಿ ಹೊರಬರುತ್ತಿತ್ತು. ಕೊನೆಗೆ ಎಲ್ಲವನ್ನೂ ಬೇರುಸಮೇತ ಕಿತ್ತು ಚೀಲಕ್ಕೆ ತುಂಬಿದಳು.

ಆಸ್ಪತ್ರೆಯಲ್ಲಿ ಗಂಡನೇ ಮೂಸಿ ಬೇರೆ ಮಾಡಿದ. "ಇದು ಬೆಳ್ಳುಳ್ಳಿ. ಇದಲ್ಲ. ನಿಂಗೊತ್ತಾಗ್ಲಿಲ್ವಾ?"

"ಜ್ವರ ಬಂದಾಗಿಂದ ನಂಗೆ ವಾಸನೇನೇ ಬರಲ್ಲ ರೀ."

ಅವನು ಬೈಯಲಿಲ್ಲ. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದಳು.

ಅತ್ತೆ ಬದುಕಿ ಮನೆಗೆ ಬಂದರು. ಆಕೆಯ ಮೂಗು ನೋಡಿದ ಡಾಕ್ಟರು, ವಾಸನೆ ಮರಳಿದರೂ ಮರಳಬಹುದು, ಇಲ್ಲದಿದ್ದರೆ ಇಲ್ಲ ಎಂದರು. ಅದಕ್ಕೆ ಔಷಧಿ ಬರೆಯಲಿಲ್ಲ.

"ಆಗಿದ್ದಾಯ್ತು ಬಿಡು. ಬೇಕಂತ ಮಾಡಿದ್ಯಾ?" ಎಂದರು ಅತ್ತೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಈಗ ಆಕೆ ಏನೇ ಬಡಿಸಲಿ, ಅಂಗಡಿಯಿಂದ ತಂದ ಬೇಳೆಯನ್ನೇ ಬೇಯಿಸಿರಲಿ, ಅತ್ತೆ ಮೊದಲ ತುತ್ತನ್ನು ಮೂಗಿನ ಹತ್ತಿರ ಒಂದು ಕ್ಷಣ ತಡೆದು ಆಮೇಲೆ ಬಾಯಿಗಿಡುತ್ತಾರೆ. ಅದು ಕಣ್ಣಿಗೆ ಬೀಳದಿರಲೆಂದು ಆಕೆ ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಾಳೆ.